ವಾದಪತ್ರದ ಹೊಸ್ತಿಲಲ್ಲೇ ನಿಲ್ಲುವ ದಾವೆಗಳು

ಸಾಕ್ಷಿ ವಿಚಾರಣೆಯ ಹಂತಕ್ಕೆ ಬರುವ ಮೊದಲೇ ಸಿವಿಲ್ ದಾವೆಯೊಂದನ್ನು ಮುಗಿಸಿಬಿಡುವ ಅಧಿಕಾರವನ್ನು ಭಾರತದ ನ್ಯಾಯಾಲಯಗಳಿಗೆ ಕೊಟ್ಟಿರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮ. ವ್ಯಾಜ್ಯಕಾರಣ, ಅಂದರೆ ಪರಿಹಾರ ಕೇಳುವ ಹಕ್ಕನ್ನು ವಾದಿಗೆ ತಂದುಕೊಡುವ ಸಂಗತಿಗಳ ಒಟ್ಟು ಮೊತ್ತ, ವಾದಪತ್ರದಲ್ಲಿ ಕಾಣದಿದ್ದರೆ, ಅಥವಾ ದಾವೆಗೆ ಕಾನೂನಿನ ತಡೆಯಿದೆಯೆಂದು ಅದರ ಒಕ್ಕಣೆಯಿಂದಲೇ ತಿಳಿದುಬಂದರೆ, ಆ ವಾದಪತ್ರವನ್ನು ತಿರಸ್ಕರಿಸಬೇಕು. ಇದರ ಜೊತೆಗಿಟ್ಟು ಓದಬೇಕಾದದ್ದು 6ನೇ ಆದೇಶ. ಅದರ 2ನೇ ನಿಯಮ ಮುಖ್ಯ ಸಂಗತಿಗಳನ್ನಷ್ಟೇ ಹೇಳಿದರೆ ಸಾಕು, ಸಾಕ್ಷ್ಯ ಬೇಡ ಎನ್ನುತ್ತದೆ. 4ನೇ ನಿಯಮ ಮಾತ್ರ ವಂಚನೆ, ತಪ್ಪು ನಿರೂಪಣೆ, ಅನುಚಿತ ಪ್ರಭಾವ ಮುಂತಾದ ಆರೋಪಗಳಿದ್ದಲ್ಲಿ ದಿನಾಂಕ ಸಹಿತ ವಿವರಗಳನ್ನು ಕೇಳುತ್ತದೆ. ಈ ನಿಯಮಗಳ ಪಠ್ಯ ಶತಮಾನದುದ್ದಕ್ಕೂ ಬಹುಮಟ್ಟಿಗೆ ಹಾಗೆಯೇ ಉಳಿದಿದ್ದರೂ ನ್ಯಾಯಾಲಯಗಳು ವಾದಪತ್ರವನ್ನು ಓದುವ ಬಗೆ ಬದಲಾಗುತ್ತ ಬಂದಿದೆ.

ವಂಚನೆಗೆ ಈ ಪ್ರತ್ಯೇಕ ಕಟ್ಟುನಿಟ್ಟು ಏಕೆಂಬುದು 1872ರ ಕರಾರು ಕಾಯ್ದೆಯ 17ನೇ ಕಲಮನ್ನು ನೋಡಿದರೆ ಸ್ಪಷ್ಟವಾಗುತ್ತದೆ. ನಿಜವಲ್ಲವೆಂದು ಗೊತ್ತಿದ್ದೂ ನಿಜವೆಂದು ಹೇಳುವುದು, ತಿಳಿದದ್ದನ್ನು ಬೇಕೆಂದೇ ಮರೆಮಾಚುವುದು, ನೆರವೇರಿಸುವ ಉದ್ದೇಶವೇ ಇಲ್ಲದೆ ವಚನ ಕೊಡುವುದು, ಇವೆಲ್ಲ ಅಲ್ಲಿ ವಂಚನೆಯೆನಿಸುತ್ತವೆ. ಕೊನೆಯದು ಕರಾರು ಭಂಗಕ್ಕೂ ವಂಚನೆಗೂ ನಡುವಿನ ಗಡಿ. ಮಾತು ಕೊಟ್ಟವನು ಆಮೇಲೆ ತಪ್ಪಿದನೆಂದರೆ ಅದು ಬರೀ ಕರಾರು ಭಂಗ. ಕೊಡುವಾಗಲೇ ಅವನಿಗೆ ಆ ಉದ್ದೇಶವಿರಲಿಲ್ಲವೆಂದು ಸಂಗತಿಗಳ ಸಮೇತ ಹೇಳಿದರೆ ಮಾತ್ರ ಅದು ವಂಚನೆಯ ಆರೋಪ. ಆರೋಪ ಎಷ್ಟೇ ಖಾರವಾಗಿದ್ದರೂ ವಿವರವಿಲ್ಲದಿದ್ದರೆ ಅದನ್ನು ವಂಚನೆಯ ಆರೋಪವೆಂದೇ ಗಣಿಸಲಾಗದು ಎಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯ 1951ರಲ್ಲೇ ತಳೆದಿತ್ತು.

ಓದುವ ಬಗೆಗೆ ತಿರುವು ಕೊಟ್ಟದ್ದು ಬೆಂಗಳೂರಿನಿಂದ ಹೋದ ಒಂದು ಬಾಡಿಗೆ ವ್ಯಾಜ್ಯ. ತೆರವಿನ ಆದೇಶದ ವಿರುದ್ಧ ಹೈಕೋರ್ಟಿನವರೆಗೂ ಹೋಗಿ ಸೋತ ಮೇಲೆ, ಆ ಆದೇಶವನ್ನೇ ವಂಚನೆಯಿಂದ ಪಡೆಯಲಾಗಿದೆಯೆಂದು ಮುನ್ಸಿಫ್ ನ್ಯಾಯಾಲಯದಲ್ಲಿ ಹೊಸ ದಾವೆ ಹೂಡಲಾಗಿತ್ತು. 1977ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ವಾದಪತ್ರವನ್ನು ಅಕ್ಷರಶಃ ಓದದೆ ಅರ್ಥವರಿತು ಓದಬೇಕು, ಚತುರ ಬರವಣಿಗೆಯಿಂದ ವ್ಯಾಜ್ಯಕಾರಣದ ಭ್ರಮೆಯನ್ನಷ್ಟೇ ಹುಟ್ಟಿಸಿದ್ದರೆ ಮೊದಲ ವಿಚಾರಣೆಯಲ್ಲೇ ಅದನ್ನು ಚಿವುಟಬೇಕು ಎಂದರು. ಇಂದು ವಾದಪತ್ರ ತಿರಸ್ಕಾರ ಕೋರುವ ಅರ್ಜಿಗಳಲ್ಲಿ ಈ ತೀರ್ಪು ಮಂತ್ರದಂತೆ ಮರುಕಳಿಸುತ್ತದೆ. ಅದು ಹುಟ್ಟಿದ್ದು ಸೋತ ವ್ಯಾಜ್ಯವನ್ನು ಮತ್ತೆ ಎಬ್ಬಿಸಿದ ಸಂದರ್ಭದಲ್ಲಿ ಎಂಬುದನ್ನು ಅದನ್ನು ಉಲ್ಲೇಖಿಸುವವರು ಅಷ್ಟಾಗಿ ನೆನೆಯುವುದಿಲ್ಲ.

ಈ ಅಧಿಕಾರಕ್ಕೆ ಮಿತಿಯೂ ಉಂಟು. ಅರ್ಜಿಯನ್ನು ದಾವೆಯ ಯಾವ ಹಂತದಲ್ಲಾದರೂ ಪರಿಶೀಲಿಸಬಹುದಾದರೂ ಆಗ ನೋಡಬೇಕಾದದ್ದು ವಾದಪತ್ರದ ಹೇಳಿಕೆಗಳನ್ನು ಮಾತ್ರ, ಪ್ರತಿವಾದಿಯ ಲಿಖಿತ ಹೇಳಿಕೆ ಅಲ್ಲಿ ಅಪ್ರಸ್ತುತ ಎಂದು 2002ರ ಡಿಸೆಂಬರಿನ ತೀರ್ಪು ಖಚಿತಪಡಿಸಿತು; ವಾದಪತ್ರದೊಡನೆ ಹಾಜರುಪಡಿಸಿದ ದಾಖಲೆಗಳು ಅದರ ಭಾಗವೇ ಎಂಬುದು ಅನಂತರ ಸೇರಿಕೊಂಡಿತು. ಅಮೆರಿಕದ ಫೆಡರಲ್ ನ್ಯಾಯಾಲಯಗಳು 2007ರ ಟ್ವಾಂಬ್ಲಿ ತೀರ್ಪಿನಿಂದೀಚೆಗೆ ಆರೋಪ ನಂಬಲರ್ಹವಾಗಿ ತೋರುತ್ತದೆಯೇ ಎಂದೂ ತೂಗುತ್ತವೆ. ಭಾರತದ ನಿಯಮದಲ್ಲಿ ಅಂಥ ತಕ್ಕಡಿಯಿಲ್ಲ. ಆದರೂ ಕಾಲಮಿತಿಯ ಪ್ರಶ್ನೆ ಬಂದಾಗ ಅದು ಹಿಂಬಾಗಿಲಿನಿಂದ ಒಳಬಂದಂತಿದೆ.

ಗುಜರಾತಿನ ಎರಡು ಜಮೀನು ಪ್ರಕರಣಗಳು ಇದಕ್ಕೆ ನಿದರ್ಶನ. ಕ್ರಯಪತ್ರ ರದ್ದತಿಯ ದಾವೆಗೆ ಮೂರು ವರ್ಷದ ಕಾಲಮಿತಿಯಿದೆ. ವಂಚನೆಯ ಆಧಾರವಿದ್ದರೆ 1963ರ ಕಾಲಮಿತಿ ಕಾಯ್ದೆಯ 17ನೇ ಕಲಮಿನಂತೆ ವಂಚನೆ ತಿಳಿದ ಅಥವಾ ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿದ್ದ ದಿನದಿಂದ ಎಣಿಕೆ ಶುರು. ಮೊದಲ ಪ್ರಕರಣದಲ್ಲಿ 1996ರ ಕ್ರಯಪತ್ರದ ವಿರುದ್ಧ 2013ರಲ್ಲಿ ದಾವೆ ಹೂಡಿದವರು, ತಮಗೆ ತಿಳಿಯದಂತೆ ಸಹೋದರರು ಜಮೀನು ಮಾರಿದರೆಂದು ಹೇಳಿದ್ದರು. ತಿಳಿದದ್ದು ಯಾವಾಗ ಎಂಬುದನ್ನು ಸಾಕ್ಷ್ಯದಿಂದಲೇ ನಿರ್ಧರಿಸಬೇಕೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ದಾವೆಯನ್ನು ಉಳಿಸಿತು. ಎರಡನೆಯದು ಸೂರತ್‌ನದು. 2009ರ ಜುಲೈನ ಕ್ರಯಪತ್ರದಲ್ಲಿ 1.74 ಕೋಟಿ ರೂಪಾಯಿಗೆ 36 ಚೆಕ್ಕುಗಳನ್ನು ನಮೂದಿಸಲಾಗಿತ್ತು. ತಮಗೆ ಸಂದದ್ದು 6 ಚೆಕ್ಕುಗಳ 40,000 ರೂಪಾಯಿ ಮಾತ್ರ, ಉಳಿದ 30 ಬೋಗಸ್ ಎಂದು ವಾದಿಗಳು 2014ರ ಡಿಸೆಂಬರಿನಲ್ಲಿ ದಾವೆ ಹೂಡಿದರು. ಅಷ್ಟು ಹಣ ಬರದಿದ್ದರೆ ಐದು ವರ್ಷಕ್ಕೂ ಮಿಕ್ಕಿ ಸುಮ್ಮನಿರುತ್ತಿದ್ದರೇ ಎಂಬ ಪ್ರಶ್ನೆಯೆತ್ತಿದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರ 2020ರ ತೀರ್ಪು, ಪ್ರತಿಫಲ ಬಾಕಿಯೆಂಬುದು ನೋಂದಾಯಿತ ಕ್ರಯಪತ್ರ ರದ್ದತಿಗೆ ಆಧಾರವಲ್ಲ, ಹಣಕ್ಕೆ ದಾವೆ ಹೂಡಬಹುದಿತ್ತು ಎಂದು ವಾದಪತ್ರದ ತಿರಸ್ಕಾರವನ್ನು ಎತ್ತಿಹಿಡಿಯಿತು. ಎರಡರ ನಡುವಿನ ವ್ಯತ್ಯಾಸ ಇಲ್ಲದಿಲ್ಲ: ಇಲ್ಲಿ ವಾದಿಗಳೇ ಪತ್ರ ಬರೆದುಕೊಟ್ಟವರು, ಅಲ್ಲಿನವರಿಗೆ ವ್ಯವಹಾರದ ಸುಳಿವೇ ಇರಲಿಲ್ಲವೆಂಬ ಹೇಳಿಕೆಯಿತ್ತು. ಆದರೆ ಐದು ವರ್ಷದ ಮೌನ ನಂಬುವಂಥದ್ದೇ ಎಂಬ ಪ್ರಶ್ನೆಗೆ ಉತ್ತರ ವಾದಪತ್ರದ ಒಳಗಷ್ಟೇ ಇರಲಾರದು. ಈ ತೀರ್ಪು ಆ ಮಟ್ಟಿಗೆ 2002ರ ಗೆರೆಯನ್ನು ಸವೆಸಿದೆ.

ವಂಚನೆಯ ಕಡೆ ಹಿಡಿತ ಹೀಗೆ ಬಿಗಿಯಾಗುತ್ತಿದ್ದಾಗ ಕರಾರಿನ ಕಡೆ ಸಡಿಲಿಕೆ ಕಂಡಿತು. ಕರಾರನ್ನು ನೆರವೇರಿಸಿಕೊಡುವಂತೆ ಕೇಳುವ ವಾದಿ, ತನ್ನ ಪಾಲಿನ ಹೊಣೆಗೆ ಸದಾ ಸಿದ್ಧನೂ ಇಚ್ಛುಕನೂ ಆಗಿದ್ದೆನೆಂದು ವಾದಪತ್ರದಲ್ಲೇ ಹೇಳಬೇಕೆಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 16(ಸಿ) ಕಲಮು ಬಯಸುತ್ತಿತ್ತು. ಆ ಪದಗಳು ಬಿಟ್ಟುಹೋದವೆಂದೇ ಸೋತ ದಾವೆಗಳಿವೆ. ಪದಗಳಿಗಿಂತ ತಿರುಳು ಮುಖ್ಯವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ, 2018ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿ ಹೇಳುವ ಅಗತ್ಯವನ್ನೇ ತೆಗೆದು ಸಾಬೀತುಪಡಿಸುವ ಹೊಣೆಯನ್ನು ಮಾತ್ರ ಉಳಿಸಿತು. ವಾಣಿಜ್ಯ ದಾವೆಗಳಿಗೆ ಮಾತ್ರ ಬೇರೊಂದು ಬಾಗಿಲು ಎದ್ದಿದೆ: ತುರ್ತು ಪರಿಹಾರ ಕೇಳದ ದಾವೆಯಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗದಿದ್ದರೆ ವಾದಪತ್ರ ತಿರಸ್ಕಾರವಾಗುತ್ತದೆಂದು 2022ರ ಪಾಟೀಲ್ ಆಟೊಮೇಷನ್ ತೀರ್ಪು ಸಾರಿತು. ಅದರ ಬೆನ್ನಿಗೇ, ತುರ್ತಿನ ಕೋರಿಕೆ ನಿಜವೋ ಮಧ್ಯಸ್ಥಿಕೆ ತಪ್ಪಿಸಲು ಹೂಡಿದ ನೆಪವೋ ಎಂದು ನ್ಯಾಯಾಧೀಶರು ವಾದಪತ್ರದಲ್ಲೇ ಹುಡುಕುವಂತಾಗಿದ್ದು, 1977ರ ಓದುವ ಬಗೆಗೆ ಅಲ್ಲೂ ಕೆಲಸ ಸಿಕ್ಕಿದೆ.