ಜತ್ತದಿಂದ ಒಂದು ದಿನದ ದಾರಿಯಲ್ಲಿ ಹಿಮಾಲಯದ ವಿಹಾರಗಳು: ಮುಂಡಗೋಡದ ಟಿಬೆಟನ್ ನೆಲೆ

ಚಳಿಗಾಲ ಆರಂಭವಾಗುತ್ತಲೇ ನಮ್ಮ ಸುತ್ತಲಿನ ನಗರಗಳಲ್ಲಿ ಸ್ವೆಟರ್ ಮಾರುವ ಟಿಬೆಟನ್ನರ ಅಂಗಡಿಸಾಲು ಏಳುತ್ತದೆ. ಇವರು ಯಾವ ಊರಿನವರೆಂದು ಮಕ್ಕಳು ಕೇಳಿದರೆ ನೇಪಾಳದವರೆಂದೋ ಚೀನಾದವರೆಂದೋ ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ರೂಢಿ. ವಾಸ್ತವದಲ್ಲಿ ಅವರಲ್ಲಿ ಎಷ್ಟೋ ಮಂದಿ ಹುಟ್ಟಿ ಬೆಳೆದದ್ದು ಕರ್ನಾಟಕದಲ್ಲಿ. ಅದೇ ಮಕ್ಕಳು ಭೂಗೋಳದ ಪಾಠದಲ್ಲಿ ಹಿಮಶಿಖರದ ಬುಡದ ಬೌದ್ಧ ವಿಹಾರದ ಚಿತ್ರ ಕಂಡು, ಅಲ್ಲಿಗೆ ಹೋಗಲು ಸಾಧ್ಯವೇ ಎಂದೂ ಕೇಳುತ್ತಾರೆ. ಎರಡೂ ಪ್ರಶ್ನೆಗಳಿಗೆ ಉತ್ತರ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿದೆ. ಜತ್ತದಿಂದ ಅದು 300 ಕಿಲೋಮೀಟರಿಗೆ ತುಸು ಹೆಚ್ಚು ದೂರ.

ಒಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಲೇಸು. ಮುಂಡಗೋಡದಲ್ಲಿ ಹಿಮವಿಲ್ಲ, ಮಲೆನಾಡಿನ ಅಂಚಿನ ತಗ್ಗು ಗುಡ್ಡಗಳು, ತೇಗದ ಕಾಡು, ಭತ್ತ ಮತ್ತು ಗೋವಿನಜೋಳದ ಹೊಲಗಳಿವೆ. ಹಿಮಪರ್ವತವನ್ನೇ ನೋಡಬೇಕೆಂದರೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕು. ಅಲ್ಲಿನ ತಾಬೋ ವಿಹಾರ ಸ್ಥಾಪನೆಯಾದದ್ದು ಕ್ರಿ.ಶ. 996ರಲ್ಲಿ, ಕೀ ವಿಹಾರ ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲೆ, ಗುಡ್ಡದ ತುದಿಯಲ್ಲಿ ಜೇನುಗೂಡಿನಂತೆ ಅಂಟಿಕೊಂಡಿದೆ. ಆ ಎತ್ತರದಲ್ಲಿ ಗಾಳಿ ತೆಳುವಾಗಿ ತಲೆನೋವು, ವಾಂತಿ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಮನಾಲಿಯ ಕಡೆಯ ದಾರಿ ಹಿಮದಿಂದ ಮುಚ್ಚಿಹೋಗುತ್ತದೆ. ಹೋಗಿ ಬರಲು ಹತ್ತು ದಿನವಾದರೂ ಬೇಕು. ಕಬ್ಬು ಕಡಿಯಲು ವರ್ಷದ ಅರ್ಧಕಾಲ ಊರು ಬಿಡುವ ಕುಟುಂಬಗಳಿರುವ ನಮ್ಮ ತಾಲೂಕಿನಲ್ಲಿ ಆ ಖರ್ಚನ್ನು ಹೊರಬಲ್ಲವರು ಎಷ್ಟು ಮಂದಿ? ಆದರೆ ಸ್ಪಿತಿ, ಕಿನ್ನೌರ, ಲಡಾಖ್, ಅರುಣಾಚಲದ ಕಣಿವೆಗಳಿಂದ ಬಾಲಭಿಕ್ಷುಗಳು ಉನ್ನತ ವಿದ್ಯೆಗೆಂದು ಇಳಿದು ಬರುವುದು ಇದೇ ಮುಂಡಗೋಡಕ್ಕೆ.

ನೆಲೆ ಬಂದ ಬಗೆ

1959ರ ಮಾರ್ಚ್ ತಿಂಗಳಲ್ಲಿ 14ನೆಯ ದಲಾಯಿ ಲಾಮಾ ಲ್ಹಾಸಾ ತೊರೆದು ಭಾರತವನ್ನು ಸೇರಿದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಭಿಕ್ಷುಗಳಲ್ಲಿ ಬಹಳ ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಲಾಯಿತು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಬಂಧಿಸಿಟ್ಟಿದ್ದ ಜಾಗವದು. ಅಲ್ಲಿಯ ಸೆಕೆಗೆ, ಕ್ಷಯರೋಗಕ್ಕೆ ಅನೇಕರು ಬಲಿಯಾದರು. ಬದುಕುಳಿದವರು ಓದನ್ನು ಬಿಡಲಿಲ್ಲ.

ನಿರಾಶ್ರಿತರಿಗೆ ಉಳುವ ಭೂಮಿ ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯ ಮುಖ್ಯವಾದದ್ದು. ಮೊದಲ ನೆಲೆ 1960ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ ಆಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ನೆರೆಯ ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಎಂಬುದನ್ನು ಗಡಿಭಾಗದ ಮಕ್ಕಳು ನೆನಪಿಡಬಹುದು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡದ ನೆಲೆ ತೊಡಗಿತು. ಟಿಬೆಟನ್ನರು ಅದನ್ನು ಡೋಗುಲಿಂಗ್ ಎನ್ನುತ್ತಾರೆ. ಸುತ್ತಲಿನವರಿಗೆ ಅದು ‘ಟಿಬೆಟ್ ಕಾಲೋನಿ’. ಬಂದವರಿಗೆ ಸಿಕ್ಕದ್ದು ಕಾಡು ಕಡಿದು ಹೊಲ ಮಾಡಬೇಕಾದ ನೆಲ. ಹುಣಸೂರು ಮತ್ತು ಕೊಳ್ಳೇಗಾಲದ ಕಡೆಯ ನೆಲೆಗಳು ಅನಂತರದವು.

1956ರ ಅಕ್ಟೋಬರ್ 31ರವರೆಗೆ ಜತ್ತವೂ ಮುಂಡಗೋಡವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಮರುದಿನ ಅದು ಮೈಸೂರಿಗೆ ಸೇರಿತು, ನಾವು ಇತ್ತ ಉಳಿದೆವು.

ನೋಡತಕ್ಕವು

ನೆಲೆಯು ಕ್ಯಾಂಪುಗಳಾಗಿ ವಿಂಗಡವಾಗಿದೆ. ಗೃಹಸ್ಥರ ಕ್ಯಾಂಪುಗಳು ಬೇರೆ, ಭಿಕ್ಷುಗಳ ಲಾಮಾ ಕ್ಯಾಂಪುಗಳು ಬೇರೆ. ನೋಡಲೇಬೇಕಾದ ಎರಡು ಮಹಾವಿಹಾರಗಳು ಗಾಂದೆನ್ ಮತ್ತು ಡ್ರೆಪುಂಗ್. ಇವುಗಳ ಮೂಲ ಲ್ಹಾಸಾದ ಸಮೀಪದ ಬೆಟ್ಟಗಳಲ್ಲಿದೆ. ಗಾಂದೆನ್ ವಿಹಾರವನ್ನು 1409ರಲ್ಲಿ ಆಚಾರ್ಯ ತ್ಸೋಂಖಾಪಾ ಕಟ್ಟಿದರು. ಅವರ ಶಿಷ್ಯರು 1416ರಲ್ಲಿ ಡ್ರೆಪುಂಗನ್ನು, 1419ರಲ್ಲಿ ಸೇರಾವನ್ನು ಸ್ಥಾಪಿಸಿದರು. ಬಕ್ಸಾದಿಂದ ಬಂದ ಭಿಕ್ಷುಗಳು ಗಾಂದೆನ್ ಹಾಗೂ ಡ್ರೆಪುಂಗನ್ನು ಮುಂಡಗೋಡದಲ್ಲಿ, ಸೇರಾವನ್ನು ಬೈಲುಕುಪ್ಪೆಯಲ್ಲಿ ಮರುಸ್ಥಾಪಿಸಿದರು.

‘ಡ್ರೆಪುಂಗ್’ ಎಂದರೆ ಅಕ್ಕಿಯ ರಾಶಿ. ಆಂಧ್ರದ ಅಮರಾವತಿಯ ಹಳೆಯ ಹೆಸರಾದ ‘ಧಾನ್ಯಕಟಕ’ದ ಟಿಬೆಟನ್ ರೂಪವದು. ಅಮರಾವತಿ ಇರುವುದು ಕೃಷ್ಣೆಯ ದಂಡೆಯಲ್ಲಿ. ನಮ್ಮ ಸಾಂಗಲಿಯ ಮಗ್ಗುಲಲ್ಲಿ ಹರಿದು, ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವಾಗ ಕೊಲ್ಹಾರದ ಸೇತುವೆಯಡಿ ಎದುರಾಗುವ ಅದೇ ಕೃಷ್ಣೆ.

ಪ್ರಾರ್ಥನಾ ಮಂದಿರಗಳ ಒಳಗೆ ಬಣ್ಣದ ಕಂಬಗಳ ಸಾಲು, ಇಳಿಬಿಟ್ಟ ಥಂಕಾ ಚಿತ್ರಪಟಗಳು, ಹಳದಿ ಟೊಪ್ಪಿಗೆಯ ತ್ಸೋಂಖಾಪಾ ಮೂರ್ತಿ, ದೀಪಗಳು. ಚೆಲುವಾದವುಗಳೇ ಸರಿ. ಆದರೆ ಶಿಕ್ಷಕರಾದ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅಂಗಳದಲ್ಲಿ ನಡೆಯುವ ವಾದಾಭ್ಯಾಸ. ಉತ್ತರ ಕೊಡುವವನು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಪ್ರಶ್ನೆ ಮುಗಿಯುವ ಕ್ಷಣಕ್ಕೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ ಎರಡೂ ಅಂಗೈಗಳನ್ನು ಚಟ್ಟನೆ ಬಡಿಯುತ್ತಾನೆ. ನೂರಾರು ಜೋಡಿಗಳು ಒಮ್ಮೆಗೇ ಹೀಗೆ ತೊಡಗಿದಾಗ ಅಂಗಳವಿಡೀ ಜಗಳದಂತೆ ಕಾಣುತ್ತದೆ. ಸಿಟ್ಟು ಮಾತ್ರ ಇರುವುದಿಲ್ಲ. ತಪ್ಪಿದವನನ್ನು ಕಂಡು ಸುತ್ತಲಿನವರು ನಗುತ್ತಾರೆ, ತಪ್ಪಿದವನೂ ನಗುತ್ತಾನೆ. ನಾಲಂದಾದ ಪರಂಪರೆಯ ತರ್ಕಶಾಸ್ತ್ರ, ಅದರಲ್ಲೂ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’, ಇಲ್ಲಿ ಇಂದಿಗೂ ಪಠ್ಯ. ಹತ್ತು ಹದಿನೈದು ವರ್ಷಗಳಿಗೂ ಮೀರಿ ಓದಿದವರಿಗೆ ‘ಗೆಶೆ’ ಪದವಿ ದೊರೆಯುತ್ತದೆ. ಗೈಡು ಪುಸ್ತಕದಿಂದ ಉತ್ತರ ಬರೆಯಿಸುವ ರೂಢಿಗೆ ಬಿದ್ದಿರುವ ನಾವು ಆ ಅಂಗಳದಲ್ಲಿ ಒಂದು ಗಂಟೆ ನಿಂತರೆ ನಷ್ಟವೇನಿಲ್ಲ.

ಹೆಣ್ಣುಮಕ್ಕಳ ಪಾಲಕರಿಗೆ ಇನ್ನೊಂದು ಸಂಗತಿ. ಶತಮಾನಗಳ ಕಾಲ ಈ ಪದವಿ ಪುರುಷರಿಗೆ ಮಾತ್ರ ಮೀಸಲಾಗಿತ್ತು. 2016ರ ಡಿಸೆಂಬರಿನಲ್ಲಿ, ಡ್ರೆಪುಂಗಿನ 600ನೆಯ ವರ್ಷದ ಸಂದರ್ಭದಲ್ಲಿ, ಇದೇ ಮುಂಡಗೋಡದಲ್ಲಿ 20 ಮಂದಿ ಭಿಕ್ಷುಣಿಯರು ದಲಾಯಿ ಲಾಮಾ ಅವರಿಂದ ‘ಗೆಶೆಮಾ’ ಪದವಿ ಪಡೆದರು. ಜಾಂಗ್‌ಚುಬ್ ಚೋಲಿಂಗ್ ಎಂಬ ಭಿಕ್ಷುಣಿಯರ ವಿಹಾರವೂ ಇಲ್ಲಿದೆ.

ಅಕ್ಷರಗಳ ನಂಟು

ಟಿಬೆಟನ್ ಲಿಪಿ ಕಂಡರೆ ನಮ್ಮ ಮಕ್ಕಳು ಮೊದಲು ಬೆದರುತ್ತಾರೆ. ಒಮ್ಮೆ ನಾವು ಕರೆದೊಯ್ದಿದ್ದ ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ಕಿರಿಯ ಭಿಕ್ಷುವೊಬ್ಬ ತನ್ನ ವರ್ಣಮಾಲೆಯನ್ನು ಓದಿ ತೋರಿಸಿದ. ಕ, ಖ, ಗ, ಙ; ಚ, ಛ, ಜ, ಞ; ತ, ಥ, ದ, ನ; ಪ, ಫ, ಬ, ಮ. ಎರಡನೆಯ ಸಾಲು ಮುಗಿಯುವುದರೊಳಗೆ ಹುಡುಗಿ ತಾನೇ ಮುಂದಿನದನ್ನು ಹೇಳತೊಡಗಿದ್ದಳು. ‘ಗುರುಗಳೇ, ಇದು ನಮ್ಮದೇ!’ ಎಂದಳು.

ನಮ್ಮದೇ ಅಲ್ಲವಾದರೂ ದಾಯಾದಿ ಹೌದು. ಕನ್ನಡದಂತೆ ಟಿಬೆಟನ್ ಲಿಪಿಯೂ ಬ್ರಾಹ್ಮಿಯ ಸಂತತಿ. 7ನೆಯ ಶತಮಾನದಲ್ಲಿ ಥೋನ್ಮಿ ಸಂಭೋಟ ಎಂಬ ಮಂತ್ರಿ ಭಾರತಕ್ಕೆ ಬಂದು ಕಲಿತು ಅದನ್ನು ರೂಪಿಸಿದನೆಂದು ಅವರ ಪರಂಪರೆ ಹೇಳುತ್ತದೆ. ವ್ಯಂಜನಗಳು 30, ಸ್ವರಚಿಹ್ನೆಗಳು ನಾಲ್ಕೇ: ಇ, ಉ, ಎ, ಒ. ಘ, ಝ, ಧ, ಭಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಟ, ಠ, ಡ, ಣಗಳೂ ಮೂಲದಲ್ಲಿಲ್ಲ. ಸಂಸ್ಕೃತ ಪದ ಬರೆಯಬೇಕಾದಾಗ ತ, ಥ, ದ, ನ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ.

ಇದನ್ನು ಮಕ್ಕಳು ಸ್ವತಃ ಪರೀಕ್ಷಿಸಬಹುದು. ಪ್ರಾರ್ಥನಾಚಕ್ರಗಳ ಮೇಲೆ, ಬಣ್ಣದ ಕಲ್ಲುಗಳ ಮೇಲೆ ‘ಓಂ ಮಣಿ ಪದ್ಮೇ ಹೂಂ’ ಎಂಬ ಷಡಕ್ಷರಿ ಬರೆದಿರುತ್ತದೆ. ಅದರಲ್ಲಿ ‘ಣಿ’ಯನ್ನು ಹುಡುಕಿರಿ; ತಿರುಗಿಸಿದ ‘ನ’ ಸಿಗುತ್ತದೆ. ‘ದ್ಮೇ’ಯನ್ನು ಹುಡುಕಿರಿ, ದಕಾರದ ಕೆಳಗೆ ಮಕಾರ, ನಮ್ಮ ಒತ್ತಕ್ಷರದಂತೆಯೇ ಕುಳಿತಿರುತ್ತದೆ.

ಮಾಧ್ಯಮದ ಮಾತು

ಕನ್ನಡ ಮಾಧ್ಯಮದ ಪಾಲಕರಿಗೆ ಈ ನೆಲೆ ಮುಖ್ಯವಾಗುವುದು ಇಲ್ಲಿ. ಟಿಬೆಟನ್ ಮಕ್ಕಳಿಗಾಗಿ ಭಾರತ ಸರಕಾರ 1961ರಲ್ಲಿಯೇ ಪ್ರತ್ಯೇಕ ಶಾಲಾಡಳಿತವನ್ನು ರಚಿಸಿತು. 2004ರಲ್ಲಿ ಅವರ ದೇಶಭ್ರಷ್ಟ ಆಡಳಿತವು ತನ್ನ ಶಿಕ್ಷಣನೀತಿಯಲ್ಲಿ ಆರಂಭದ ತರಗತಿಗಳ ಕಲಿಕೆ ಮಾತೃಭಾಷೆಯಲ್ಲಿಯೇ ಆಗಬೇಕೆಂದು ನಿಶ್ಚಯಿಸಿತು. ಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಬರುತ್ತದೆ, ಹಿಂದಿಯೂ ಉಂಟು. ಮನೆಯಲ್ಲಿ ಟಿಬೆಟನ್, ಸಂತೆಯಲ್ಲಿ ಕನ್ನಡ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಜತ್ತದ ಪೇಟೆಯಲ್ಲಿ ಮರಾಠಿ ಆಡುವ ಹಾಗೆಯೇ.

ಆದರೂ ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ಅವರಲ್ಲಿ ಹೆಚ್ಚಿನವರು ಇಂದಿಗೂ ನಿರಾಶ್ರಿತರೆಂದೇ ಗಣಿತರು. ನಾವು ಈ ನೆಲದ ಹಕ್ಕುದಾರ ನಾಗರಿಕರು. ನಾವೆಲ್ಲಿಂದಲೂ ವಲಸೆ ಬಂದಿಲ್ಲ, ಗೆರೆ ಬಂದದ್ದು ನಮ್ಮ ಹೊಲಗಳ ನಡುವೆ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ; ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಇಷ್ಟಿದ್ದೂ ಕನ್ನಡ ಬಾರದ ಶಿಕ್ಷಕರು ಕನ್ನಡ ಶಾಲೆಗೆ ಬಂದು ಕುಳಿತಾಗ, ಅಥವಾ ಪಾಲಕರೇ ಮಗುವಿನ ದಾಖಲೆ ತೆಗೆದು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಿದಾಗ, ವಿಧಿಯ ಬಲ ಕಾಗದದಲ್ಲೇ ಉಳಿಯುತ್ತದೆ.

ಅವರ ಕಡೆಯೂ ಎಲ್ಲವೂ ಸುಖವಾಗಿಲ್ಲ. ಯುವಕರು ಕೆಲಸ ಅರಸಿ ಬೆಂಗಳೂರಿಗೆ, ದಿಲ್ಲಿಗೆ, ಯುರೋಪು ಅಮೆರಿಕಗಳಿಗೆ ಹೊರಟುಹೋಗುತ್ತಿದ್ದಾರೆ. ಹಲವು ಮನೆಗಳಲ್ಲಿ ಅಜ್ಜ ಅಜ್ಜಿಯರಷ್ಟೇ ಉಳಿದಿದ್ದಾರೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಪಟಸಂಖ್ಯೆ ಎಂಬ ಶಬ್ದ ಕೇಳಿದರೆ ಎದೆ ನಡುಗುವ ನಮ್ಮ ಊರುಗಳ ಶಿಕ್ಷಕರಿಗೆ ಇದರ ಅರ್ಥ ಬೇರೆಯಾಗಿ ಹೇಳಬೇಕಿಲ್ಲ.

ಇದೇ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಗೌಳಿ ಜನರಿದ್ದಾರೆ. ಅವರ ಮನೆಮಾತು ಮರಾಠಿಯ ಒಂದು ಉಪಭಾಷೆ. ನಮ್ಮ ಮಕ್ಕಳು ಅವರೊಡನೆ ಎರಡೂ ಭಾಷೆಗಳಲ್ಲಿ ಮಾತಾಡಬಲ್ಲರು, ಮಾತಾಡಲಿ.

ದಾರಿ ಮತ್ತು ರೀತಿ

ಜತ್ತ ಪಟ್ಟಣಕ್ಕೆ ರೈಲಿಲ್ಲ. ಬಸ್ಸಿನಲ್ಲಿ ವಿಜಯಪುರ ತಲುಪಿ, ಅಲ್ಲಿಂದ ಕೊಲ್ಹಾರ, ಕೆರೂರು, ನರಗುಂದ, ನವಲಗುಂದದ ಮೂಲಕ ಹುಬ್ಬಳ್ಳಿಗೆ ಸುಮಾರು 200 ಕಿ.ಮೀ. ವಿಜಯಪುರದಿಂದ ಹುಬ್ಬಳ್ಳಿಗೆ ರೈಲೂ ಇದೆ. ಹುಬ್ಬಳ್ಳಿಯಿಂದ ತಡಸದ ಮಾರ್ಗವಾಗಿ ಮುಂಡಗೋಡ ಸುಮಾರು 50 ಕಿ.ಮೀ.; ಪಟ್ಟಣದಿಂದ ಲಾಮಾ ಕ್ಯಾಂಪುಗಳಿಗೆ ಆಟೋ ದೊರೆಯುತ್ತವೆ. ಉಮದಿ, ಸಂಖದ ಕಡೆಯವರಿಗೆ ವಿಜಯಪುರ ಇನ್ನೂ ಸಮೀಪ. ಬೆಳಗಿನ ಜಾವ ಹೊರಟರೆ ಸಂಜೆಯ ಹೊತ್ತಿಗೆ ತಲುಪಬಹುದು. ಹೋಗುವುದಕ್ಕೆ ಒಂದು ದಿನ, ನೋಡುವುದಕ್ಕೆ ಒಂದು ದಿನ, ಮರಳುವುದಕ್ಕೆ ಒಂದು ದಿನ ಇಟ್ಟುಕೊಳ್ಳುವುದು ಕ್ಷೇಮ.

ಭಾರತೀಯರಿಗೆ ವಿಶೇಷ ಪರವಾನಗಿ ಬೇಕಿಲ್ಲ. ವಿದೇಶೀಯರಿಗೆ ಮಾತ್ರ ಕೇಂದ್ರ ಸರಕಾರದ ಅನುಮತಿ ಕಡ್ಡಾಯ. ಶಾಲೆಯಿಂದ ಹೋಗುವುದಾದರೆ ರಾಜ್ಯದ ಗಡಿ ದಾಟುವ ಪ್ರವಾಸವಾದ್ದರಿಂದ ಪಾಲಕರ ಸಮ್ಮತಿಪತ್ರ, ಇಲಾಖೆಯ ಪೂರ್ವಾನುಮತಿ ಎರಡನ್ನೂ ಮುಂಚೆಯೇ ಪಡೆದಿರಬೇಕು.

ಮಂದಿರದೊಳಗೆ ಪಾದರಕ್ಷೆ ಬಿಟ್ಟು ಹೋಗಬೇಕು. ಸ್ತೂಪವನ್ನು ಎಡದಿಂದ ಬಲಕ್ಕೆ, ನಾವು ಗುಡ್ಡಾಪುರದ ದಾನಮ್ಮದೇವಿಯ ಗುಡಿಯಲ್ಲಿ ಸುತ್ತುವಂತೆಯೇ ಸುತ್ತಬೇಕು; ಪ್ರಾರ್ಥನಾಚಕ್ರವನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ಮೂರ್ತಿಯ ಕಡೆಗೆ ಕಾಲು ಚಾಚಬಾರದು. ಪಾಠ ನಡೆಯುತ್ತಿರುವಾಗ ಕೇಳದೆ ಚಿತ್ರ ತೆಗೆಯಬಾರದು. ಊಟಕ್ಕೆ ಥುಕ್ಪಾ ಎಂಬ ಶಾವಿಗೆಯ ಸಾರು, ಹಬೆಯಲ್ಲಿ ಬೇಯಿಸಿದ ಮೋಮೋ ಸಿಗುತ್ತವೆ. ಎರಡರಲ್ಲಿಯೂ ಮಾಂಸವಿರಬಹುದಾದ್ದರಿಂದ ಸಸ್ಯಾಹಾರಿಗಳು ಕೇಳಿ ತರಿಸಿಕೊಳ್ಳಬೇಕು. ಉಪ್ಪು, ಬೆಣ್ಣೆ ಬೆರೆಸಿದ ಚಹಾ ಮಕ್ಕಳಿಗೆ ಹಿಡಿಸುವುದು ಕಷ್ಟ. ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಜೊತೆಗಿರಲಿ.

ನವೆಂಬರಿನಿಂದ ಫೆಬ್ರವರಿಯ ತನಕ ತಕ್ಕ ಕಾಲ. ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುವ ತ್ಸೋಂಖಾಪಾ ಸ್ಮರಣೆಯ ರಾತ್ರಿ ವಿಹಾರಗಳ ಮಾಳಿಗೆಗಳ ಮೇಲೆಲ್ಲ ದೀಪ ಹಚ್ಚುತ್ತಾರೆ. ಹತ್ತಿರದ ಅತ್ತಿವೇರಿ ಪಕ್ಷಿಧಾಮಕ್ಕೆ ಹಕ್ಕಿಗಳು ಕೂಡುವುದೂ ಇದೇ ಋತುವಿನಲ್ಲಿ. ಮರಳುವಾಗ ಒಂದು ದಿನ ಮಿಗಿಸಿಕೊಳ್ಳಬಲ್ಲವರು ಕೆರೂರಿನಿಂದ ಬಾದಾಮಿಯ ಕಡೆ ತಿರುಗಿ ಐಹೊಳೆಗೆ ಹೋಗಬೇಕು. ರವಿಕೀರ್ತಿಯ 634ರ ಶಾಸನವಿರುವ ಮೇಗುಟಿ ಗುಡ್ಡವನ್ನು ಏರುವಾಗ ಅರ್ಧ ದಾರಿಯಲ್ಲಿ, ಬಂಡೆಗೆ ಒರಗಿ ಎರಡು ಅಂತಸ್ತಿನ ಒಂದು ಕಟ್ಟಡ ಕಾಣುತ್ತದೆ. ಅದು ಚಾಲುಕ್ಯರ ಕಾಲದ ಬೌದ್ಧ ಚೈತ್ಯ. ಮೇಲಂತಸ್ತಿನ ಛಾವಣಿಯಲ್ಲಿ ಬುದ್ಧನ ಸಣ್ಣ ಶಿಲ್ಪವಿದೆ. ಮೇಲೆ ಹೋಗುವ ಅವಸರದಲ್ಲಿ ಹೆಚ್ಚಿನವರು ಅದನ್ನು ದಾಟಿಬಿಡುತ್ತಾರೆ.