ಅಲೀಪುರದ ಸೆರೆಮನೆಯೂ ಕ್ರಾಕೋವಿನ ಕಾರ್ಖಾನೆಯೂ

ಬಳ್ಳಾರಿಯ ಅಲೀಪುರ ಸೆರೆಮನೆಯ ಚರಿತ್ರೆಯೆಂದೊಡನೆ ದೇಶನಾಯಕರ ನೆನಪು ಮೊದಲು ಬರುವುದು ಸಹಜ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಬಂಧಿತರಾದ ಕಾಮರಾಜರು ಇಲ್ಲಿದ್ದು, 1931ರ ಗಾಂಧಿ-ಇರ್ವಿನ್ ಒಪ್ಪಂದದ ಬಳಿಕ ಬಿಡುಗಡೆ ಹೊಂದಿದರು. ಆದರೆ ಅದಕ್ಕೂ ಮೊದಲು, ಪ್ರಥಮ ಮಹಾಯುದ್ಧದ ತುರ್ಕಿ ಸೆರೆಯಾಳುಗಳನ್ನು ಬಳ್ಳಾರಿ ಕಂಡಿತ್ತು. 1921ರ ದಂಗೆಯ ತರುವಾಯ ಮಲಬಾರಿನ ಮಾಪಿಳ್ಳೆಯರನ್ನು ಅಲೀಪುರಕ್ಕೆ ತರಲಾಯಿತು. 1961ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜು ಮುಂದೆ ಆ ಆವರಣದಲ್ಲಿ ನೆಲೆಗೊಂಡಿತು.

ಇಂಥ ಕಟ್ಟಡದ ಚರಿತ್ರೆಯನ್ನು ಹೇಗೆ ನಿರೂಪಿಸಬೇಕೆಂಬುದಕ್ಕೆ ಪೋಲೆಂಡಿನ ಕ್ರಾಕೋವ್ ನಗರ ಒಂದು ನಿದರ್ಶನ. 1937ರಲ್ಲಿ ಯೆಹೂದಿ ಉದ್ಯಮಿಗಳು ಅಲ್ಲಿ ಸ್ಥಾಪಿಸಿದ ಎನಾಮಲ್ ಪಾತ್ರೆಗಳ ಕಾರ್ಖಾನೆಯನ್ನು, ಜರ್ಮನರ ಆಕ್ರಮಣಾನಂತರ, 1939ರಲ್ಲಿ ಆಸ್ಕರ್ ಶಿಂಡ್ಲರನು ವಹಿಸಿಕೊಂಡನು. ಸುಮಾರು 1,200 ಯೆಹೂದಿಗಳ ಪ್ರಾಣವನ್ನು ಉಳಿಸಿದನು. 2010ರಲ್ಲಿ ಅಲ್ಲಿ ತೆರೆದ ವಸ್ತುಸಂಗ್ರಹಾಲಯವು ಅವನೊಬ್ಬನ ಕಥೆಗೆ ಸೀಮಿತವಾಗದೆ, 1939ರಿಂದ 1945ರವರೆಗಿನ ಇಡೀ ನಗರದ ಬದುಕನ್ನು, ಘೆಟ್ಟೋವಿನಲ್ಲಿ ಅಳಿದವರನ್ನೂ ಸೇರಿಸಿ, ನಿರೂಪಿಸುತ್ತದೆ.

ಎರಡೆಡೆಯ ಸಂಕಟವೂ ಸಮಾನವೆಂದು ನಾವು ಹೇಳುವುದಿಲ್ಲ. ಒಂದು ಜನಾಂಗವನ್ನೇ ಅಳಿಸುವ ಯೋಜನೆ ಅಲೀಪುರದಲ್ಲಿರಲಿಲ್ಲ. ಅನುಸರಣೀಯವಾದುದು ಆ ನಿರೂಪಣಕ್ರಮ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ವಿದ್ಯಾರ್ಥಿಗಳು ಹಿರಿಯರಿಂದ ಕೇಳಿಬಂದುದನ್ನು ಬರೆದಿಟ್ಟು, ದಾಖಲೆಗಳೊಡನೆ ಹೋಲಿಸಿ ನೋಡಿದರೆ, ಹೆಸರುಳಿಯದ ಸೆರೆಯಾಳುಗಳಿಗೂ ಅಲೀಪುರದ ಚರಿತ್ರೆಯಲ್ಲಿ ಸ್ಥಾನ ದೊರೆತೀತು.