ಒಡ್ಡು ಕಟ್ಟುವವರು

ನೀರನ್ನೂ ನೆಲವನ್ನೂ ನಂಬಿ ಬಾಳುವ ದಂಶಕಗಳಲ್ಲಿ ಹೆಸರಾದದ್ದು ಬೀವರ್. ಇಲಿ, ಅಳಿಲುಗಳ ಈ ದೂರದ ನಂಟ ಹಲ್ಲಿನಿಂದಲೇ ಮರ ಕಡಿದು, ಹಳ್ಳಕ್ಕೆ ಒಡ್ಡು ಕಟ್ಟಿ, ನಿಂತ ನೀರಿನಲ್ಲಿ ಮನೆ ಮಾಡುತ್ತದೆ. ಆ ಒಡ್ಡಿನ ಆಸರೆಯಲ್ಲಿ ಮೀನು, ಕಪ್ಪೆ, ಹಕ್ಕಿಗಳೂ ಬದುಕುತ್ತವೆ. ತುಪ್ಪುಳಿನ ಟೋಪಿಯ ಮೋಹಕ್ಕೆ ಮನುಷ್ಯನು ಅದನ್ನು ಬೇಟೆಯಾಡಿದ ಪರಿಣಾಮವಾಗಿ, 20ನೆಯ ಶತಮಾನದ ಆರಂಭಕ್ಕೆ ಯೂರೋಪು, ಏಷ್ಯಗಳಲ್ಲಿ ಉಳಿದವು ಸುಮಾರು 1,200 ಮಾತ್ರ.

ನಮ್ಮ ದೇಶದಲ್ಲಿ ಬೀವರ್ ಇಲ್ಲ. ಕನ್ನಡದಲ್ಲಿ ಅದಕ್ಕೊಂದು ಅಚ್ಚ ಹೆಸರೂ ಇಲ್ಲ. ತರಗತಿಯಲ್ಲಿ ಆ ಮಾತು ಬಂದರೆ, “ನೀರುನಾಯಿಯೇ, ಸಾರ್?” ಎಂದು ಹುಡುಗರು ನನ್ನನ್ನು ಕೇಳುವುದುಂಟು. ಅಲ್ಲ. ದಾಂಡೇಲಿ, ಕೋಗಿಲಬನಗಳ ಕಡೆ ಕಾಳಿ ನದಿಯಲ್ಲಿ ಈಜುವ ನೀರುನಾಯಿ ದಂಶಕವಲ್ಲ. ಮೀನು ಹಿಡಿದು ತಿನ್ನುವ ಮಾಂಸಾಹಾರಿ. ಒಡ್ಡು ಕಟ್ಟುವ ವಿದ್ಯೆ ಅದಕ್ಕೆ ತಿಳಿಯದು. ದಡದ ಬಿಲ, ಬಂಡೆಯ ಸಂದು, ಮರದ ಬೇರಿನ ಪೊಟರೆ, ಇವೇ ಅದರ ಮನೆ. ದಡ ಕೆಟ್ಟರೆ ಮನೆ ಕೆಟ್ಟಿತು.

ಕಾಳಿಗೆ ಒಡ್ಡು ಕಟ್ಟಿದವನು ಮನುಷ್ಯ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆಯೂ ಬಂತು, 1956ರಲ್ಲಿ ಅಭಯಾರಣ್ಯವೂ ಆಯಿತು. 1987ರ ಹೊತ್ತಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದು ನಿಂತಿತು. ನಾಡಿಗೆ ಬೆಳಕು ಬಂತು. ಹಳೆಯ ಸೂಪಾ ಊರು ಮುಳುಗಿತು. ಊರು ಬಿಟ್ಟವರಿಗೆ ರಾಮನಗರ ತಲೆಯೆತ್ತಿತು. ನೀರುನಾಯಿಗೆ ಬದಲು ನಿವೇಶನ ಕೊಡುವವರಾರು?

ಬಳ್ಳಾರಿ ಸೀಮೆಯ ತುಂಗಭದ್ರೆಯ ಸುಮಾರು 34 ಕಿಲೋಮೀಟರು ಹರಿವನ್ನು 2015ರಲ್ಲಿ ಸರ್ಕಾರ ನೀರುನಾಯಿಗಳಿಗೆಂದೇ ಕಾಯ್ದಿರಿಸಿತು. ಕಾಳಿಯ ದಡಗಳಿಗೂ ಅಂಥ ಕಾವಲು ದೊರೆಯಬೇಕೆಂಬುದು ನನ್ನ ಆಸೆ. ಒಡ್ಡು ಕಟ್ಟಬಲ್ಲವನೇ ದಡವನ್ನೂ ಕಾಯಬೇಕಲ್ಲವೆ?